ಮೊಳೆಗೆ ಸಿಕ್ಕಿಸಿದ ಚೀಟಿ

ಮಾರ್ಚ್ 3, ಸೋಮವಾರ

ಇಪ್ಪತ್ತೆರಡು ವರ್ಷ ಮಕ್ಕಳ ಡೊಂಕು ಬೆನ್ನಿಗೆ ಚಿಪ್ಪು ಮಾಡಿದವಳನ್ನು ಇವತ್ತು ಸೋಲಿನ ಬೆಂಚಿಗೆ ಕೂರಿಸಿದ್ದಾರೆ. ಆಸ್ಪತ್ರೆಯ ನಮ್ಮ ವರ್ಕ್‌ಶಾಪಿನಲ್ಲಿ ಇರುವುದೇ ಎರಡು ಬೆಂಚು. ಕಿಟಕಿಯ ಪಕ್ಕದ್ದು ಬ್ರೇಸಿನದು, ಅಂದರೆ ಆ ಚಿಪ್ಪಿನದು, ನನ್ನದು. ಬಾಗಿಲ ಪಕ್ಕದ್ದು ಒಂದು ಕಾಲು ಗಿಡ್ಡ ಇರುವವರ ಬೂಟಿಗೆ ದಪ್ಪ ಸೋಲು ಅಂಟಿಸುವುದು. ಅಲ್ಲಿ ಕೂರುವವನಿಗೆ ನಾನು ಸೋಲಣ್ಣ ಎಂದು ಹೆಸರಿಟ್ಟು ವರ್ಷಗಳಾದವು. ಅವನು ಸ್ಟೂಲು ಒರೆಸಿಕೊಟ್ಟು, "ಬನ್ನಿ ಅಕ್ಕ, ನಾನು ಹದಿನೈದು ವರ್ಷದಿಂದ ಸೋತವನು, ನಿಮಗೂ ಕಲಿಸಿಕೊಡ್ತೀನಿ" ಎಂದ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಶನಿವಾರ ಶಾಲೆಯ ಮೆಟ್ಟಿಲ ಮೇಲೆ ಕೊಕ್ಕರೆ ಮೂರ್ಛೆ ಹೋದಳು. ಹದಿನಾಲ್ಕು ವರ್ಷದ ಹುಡುಗಿ. ಎಂಟು ತಿಂಗಳ ಹಿಂದೆ ನಾನೇ ಅವಳಿಗೆ ಪ್ಲಾಸ್ಟಿಕ್ಕಿನ ಚಿಪ್ಪು ಮಾಡಿಕೊಟ್ಟೆ. ಕೈಕಾಲು ಉದ್ದುದ್ದ, ಕುತ್ತಿಗೆ ಉದ್ದ. ಮೊದಲ ದಿನವೇ ಕೊಕ್ಕರೆ ಎಂದು ಕರೆದೆ. ಅವಳು ಸಿಟ್ಟಾಗುವ ಬದಲು ಒಂಟಿ ಕಾಲಲ್ಲಿ ನಿಂತು ತೋರಿಸಿದಳು. ಅಂಥ ಮಗು.

ಅವಳು ಬಿದ್ದ ಸುದ್ದಿ ಬಂದ ಅರ್ಧ ಗಂಟೆಯಲ್ಲಿ ನೆಟ್ಟಗಪ್ಪ ಅವಳ ಫೈಲಿನಲ್ಲಿ ಬರೆದಾಗಿತ್ತು: "ಬ್ರೇಸ್ ಅತಿ ಬಿಗಿ. ಉಸಿರಾಟಕ್ಕೆ ತಡೆ." ನೆಟ್ಟಗಪ್ಪ ಎಂದರೆ ಮೂಳೆ ವಿಭಾಗದ ದೊಡ್ಡ ಡಾಕ್ಟರು. ಬಂದ ಮಕ್ಕಳಿಗೆಲ್ಲ "ನೆಟ್ಟಗೆ ನಿಲ್ಲು" ಎನ್ನುವುದು ಬಿಟ್ಟು ಆ ಮನುಷ್ಯ ಇನ್ನೊಂದು ಮಾತಾಡಿದ್ದನ್ನು ನಾನು ಕೇಳಿಲ್ಲ. ನೆಟ್ಟಗೆ ನಿಲ್ಲಲು ಬರುವಂತಿದ್ದರೆ ಆ ಮಕ್ಕಳು ಇವನ ಹತ್ತಿರ ಯಾಕೆ ಬರುತ್ತಿದ್ದವು? ಹುಡುಗಿಯನ್ನು ಮುಟ್ಟಿ ನೋಡಲಿಲ್ಲ. ಚಿಪ್ಪನ್ನು ತರಿಸಿ ನೋಡಲಿಲ್ಲ. ನನ್ನನ್ನು ಕರೆದು ಒಂದು ಮಾತು ಕೇಳಲಿಲ್ಲ. ಬರೆದು ಕೈ ತೊಳೆದುಕೊಂಡ.

ವಿಚಾರಣೆ ಇಪ್ಪತ್ನಾಲ್ಕಕ್ಕಂತೆ. ಅಲ್ಲಿಯವರೆಗೆ ನಾನು ಮಕ್ಕಳಿಗೆ ಅಳತೆ ತೆಗೆಯುವಂತಿಲ್ಲ. ಆಗಲಿ. ಇಪ್ಪತ್ತೊಂದು ದಿನ ಇದೆ. ಅಷ್ಟರೊಳಗೆ ಅವನನ್ನು ಅದೇ ಫೈಲಿನಲ್ಲಿ ಹೂತುಹಾಕದಿದ್ದರೆ ನಾನು ನಾನಲ್ಲ. ಮರೆಯಬಾರದು ಎಂದೇ ಈ ಪುಸ್ತಕ ತೆಗೆದಿದ್ದೇನೆ.

ಮಾರ್ಚ್ 4, ಮಂಗಳವಾರ

ಅವಳ ಚಿಪ್ಪು ವಾರ್ಡಿನಿಂದ ವಾಪಸು ಬಂತು. ಪಟ್ಟಿಗಳನ್ನು ಬಿಚ್ಚುವ ತಾಳ್ಮೆ ಇಲ್ಲದೆ ಕತ್ತರಿಯಲ್ಲಿ ಕತ್ತರಿಸಿದ್ದಾರೆ. ಮೂರೂ ಪಟ್ಟಿಗಳಲ್ಲಿ ನಾನು ಪೆನ್ನಿನಲ್ಲಿ ಹಾಕಿದ್ದ ಗೆರೆ ಹಾಗೇ ಇದೆ. ಹುಡುಗಿ ಆ ಗೆರೆಗಿಂತ ಒಂದು ಕೂದಲೆಳೆಯಷ್ಟೂ ಹೆಚ್ಚು ಎಳೆದಿರಲಿಲ್ಲ.

ಊಟದ ಹೊತ್ತಿನಲ್ಲಿ ಅಟ್ಟದಿಂದ ಅವಳ ಪ್ಲಾಸ್ಟರ್ ಅಚ್ಚನ್ನು ಇಳಿಸಿದೆ. ಅದು ಅವಳ ಮೈಯದೇ ಪಡಿಯಚ್ಚು, ತಲೆ ಇಲ್ಲ ಅಷ್ಟೆ. ಚಿಪ್ಪನ್ನು ಅದಕ್ಕೆ ತೊಡಿಸಿ, ತುಂಡಾದ ಪಟ್ಟಿಗಳನ್ನು ಗೆರೆಗೆ ಸರಿಯಾಗಿ ಅಂಟಿಸಿ, ಎದೆಯ ಹತ್ತಿರ ಬೆರಳು ಹಾಕಿದೆ. ಎರಡು ಬೆರಳು ಸಲೀಸಾಗಿ ಹೋಯಿತು. ಸೋಲಣ್ಣನ ಬೆರಳೂ ಹಾಕಿಸಿದೆ. ಅವನ ಬೆರಳು ನನ್ನದರ ಒಂದೂವರೆಯಷ್ಟು ದಪ್ಪ.

"ಸಾಕ್ಷಿ ಹೇಳ್ತೀಯಾ?" ಎಂದೆ.

"ಬೆರಳು ಹೇಳುತ್ತೆ ಅಕ್ಕ. ನನ್ನ ಬಾಯಿಯದ್ದು ಗ್ಯಾರಂಟಿ ಇಲ್ಲ, ನನಗಿನ್ನೂ ಆರು ವರ್ಷ ಸರ್ವೀಸಿದೆ" ಎಂದ.

ಹೇಡಿ. ಆದರೆ ನಿಜ ಹೇಳುವ ಹೇಡಿ. ಅವನ ಮೇಲೆ ಸಿಟ್ಟಿಲ್ಲ. ನನ್ನ ಸಿಟ್ಟೆಲ್ಲ ಒಂದೇ ಕಡೆಗೆ ಬೇಕು.

ಮಾರ್ಚ್ 6, ಗುರುವಾರ

ಕೊಕ್ಕರೆಯನ್ನು ನೋಡಲು ಮೂರನೇ ಮಹಡಿಗೆ ಹೋದೆ. ಹೋಗಬಾರದು ಎಂದು ಯಾರೂ ಹೇಳಿಲ್ಲ. ಹೇಳುವ ಮೊದಲೇ ಹೋಗಿಬಿಟ್ಟೆ.

ಅವಳ ಅಮ್ಮ ಬಸ್ ನಿಲ್ದಾಣದಲ್ಲಿ ಮೈಕಿನಲ್ಲಿ ಬಸ್ಸುಗಳ ಹೊತ್ತು ಹೇಳುವವರು. ಮೆಲ್ಲಗೆ ಮಾತಾಡಿದರೂ ಒಂದೊಂದು ಅಕ್ಷರ ಬಿಡಿಬಿಡಿಯಾಗಿ ಕೇಳುತ್ತದೆ. ನನ್ನನ್ನು ಕಂಡು ಬೈಯುತ್ತಾರೇನೋ ಎಂದುಕೊಂಡಿದ್ದೆ. ಕುರ್ಚಿ ಎಳೆದುಕೊಟ್ಟರು.

"ಬೆಲ್ಟಿಂದ ಅಲ್ವಂತೆ ಮೇಡಂ. ಎದೆ ಡಾಕ್ಟರಮ್ಮ ಸ್ಕ್ಯಾನ್ ಮಾಡಿದ್ರು. ಹೃದಯದ್ದೇ ಏನೋ."

ಅಷ್ಟರಲ್ಲಿ ಆ ಎದೆ ಡಾಕ್ಟರಮ್ಮನೇ ಬಂದರು. ಕುಳ್ಳಗೆ, ಚುರುಕಾಗಿ, ಜೇಬಿನ ತುಂಬ ಪೆನ್ನು. ಹುಡುಗಿ ತನ್ನ ಹಳೆಯ ಮ್ಯಾಜಿಕ್ಕನ್ನು ಅವರಿಗೂ ತೋರಿಸಿದಳು. ಎಡ ಮಣಿಕಟ್ಟನ್ನು ಬಲಗೈಯ ಹೆಬ್ಬೆರಳು, ಕಿರುಬೆರಳಿನಿಂದ ಸುತ್ತಿ ಹಿಡಿಯುವುದು. ಅವಳ ಬೆರಳುಗಳು ಒಂದರ ಮೇಲೊಂದು ಬಂದು ಇನ್ನೂ ಉಗುರಿನಷ್ಟು ಮಿಕ್ಕುತ್ತವೆ. ನನ್ನ ವರ್ಕ್‌ಶಾಪಿನಲ್ಲಿ ಇದನ್ನು ನೂರು ಸಲ ಮಾಡಿಸಿ ನಕ್ಕಿದ್ದೇನೆ. ಬಂದವರಿಗೆಲ್ಲ ತೋರಿಸು ಎಂದಿದ್ದೇನೆ.

ಡಾಕ್ಟರಮ್ಮ ನಗಲಿಲ್ಲ. "ಇದು ಮ್ಯಾಜಿಕ್ ಅಲ್ಲಮ್ಮ, ನಾವು ವಿದ್ಯಾರ್ಥಿಗಳಿಗೆ ಕಲಿಸೋ ಪರೀಕ್ಷೆ" ಎಂದರು. ಮೈಯ ಅಂಗಾಂಗ ಹಿಡಿದಿಡುವ ನಾರೇ ಹುಟ್ಟಿನಿಂದ ಸಡಿಲವಂತೆ. ಅದಕ್ಕೇ ಉದ್ದ ಕೈಕಾಲು, ಅದಕ್ಕೇ ಬೆನ್ನಿನ ಡೊಂಕು. ಅದಕ್ಕೇ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಬುಡವೂ ಉಬ್ಬಿದೆಯಂತೆ, ನಲವತ್ತೈದು ಮಿಲಿಮೀಟರ್. ಐವತ್ತು ದಾಟಿದರೆ ಆಪರೇಷನ್ನು. ಸದ್ಯಕ್ಕೆ ಮಾತ್ರೆ. "ಬೆನ್ನು ಡೊಂಕಾಗಿರೋ ಮಕ್ಕಳ ಎದೆಗೂ ಒಂದ್ಸಲ ಕಿವಿ ಕೊಡಬೇಕು. ಎಲ್ಲರಿಗೂ ಇರಲ್ಲ. ಇರೋರಿಗೆ ಹೊರಗೆ ಗೊತ್ತಾಗಲ್ಲ" ಎಂದರು.

ನಾನು ಅವಳನ್ನು ಕೊಕ್ಕರೆ ಎಂದು ಕರೆದದ್ದೇ ರೋಗದ ಹೆಸರಾಗಿತ್ತು ಎಂದಾಯಿತು. ಆದರೆ ನಾನು ಚಿಪ್ಪು ಮಾಡುವವಳು. ಎದೆ ಓದಲು ನನಗೆ ಯಾರೂ ಕಲಿಸಿಲ್ಲ. ಕಲಿತವನು ಅವನು. ಹತ್ತು ಅಡಿ ದೂರದಲ್ಲಿ ಕೂತು ನೆಟ್ಟಗೆ ನಿಲ್ಲು ಎಂದವನು ಅವನು.

ಮಾರ್ಚ್ 8, ಶನಿವಾರ

ಚಿಪ್ಪಿನದಲ್ಲ ಎಂದು ಗೊತ್ತಾಗಿ ಎರಡು ದಿನವಾಯಿತು. ನನ್ನನ್ನು ಯಾರೂ ವಾಪಸು ಕರೆಯಲಿಲ್ಲ. ಕೇಳಲು ಹೋದೆ. ಆಫೀಸಿನ ಗುಮಾಸ್ತ ಫೈಲು ತೋರಿಸಿದ. "ಬ್ರೇಸ್ ಅತಿ ಬಿಗಿ" ಎನ್ನುವ ಸಾಲು ಹಾಗೇ ಇದೆ. ಅದರ ಕೆಳಗೆ ಹೊಸ ಶಾಯಿಯಲ್ಲಿ, "ಇದೂ ಒಂದು ಕಾರಣವಿರಬಹುದು."

ಇರಬಹುದು. ಎಷ್ಟು ಜಾಣ ಮಾತು. ಇಪ್ಪತ್ತೆರಡು ವರ್ಷದ ಹೆಸರನ್ನು ಒಂದು "ಇರಬಹುದು" ಹಾಕಿ ಒರೆಸಿಬಿಟ್ಟ.

ಕಾರಿಡಾರಿನಲ್ಲಿ ನೆಟ್ಟಗಪ್ಪ ಎದುರಾದ. ನಾನು ಸೋಲಿನ ಗೋಂದು ಮೆತ್ತಿದ ಕೈಯನ್ನು ಬೇಕೆಂದೇ ಅವನ ಮುಂದೆ ಒರೆಸಿಕೊಂಡೆ. ನೋಡಲಿಲ್ಲ. ಒಂದು ದಿನ ಅವನನ್ನೂ ಈ ಸ್ಟೂಲಿನ ಮೇಲೆ ಕೂರಿಸಬೇಕು. ಬೆಳಗಿನಿಂದ ಸಂಜೆಯವರೆಗೆ ಬೇರೆಯವರ ಹಳೆಯ ಬೂಟು ಮೂಸಬೇಕು ಅವನು.

ಮನೆಯಲ್ಲಿ ಅಕ್ಕ ಊಟಕ್ಕೆ ಕರೆದಾಗಲೂ ಇದನ್ನೇ ಹೇಳಿದೆ. "ನೀನು ಅನ್ನ ತಿಂತಿದ್ದೀಯೋ, ಅವನನ್ನ ತಿಂತಿದ್ದೀಯೋ?" ಎಂದಳು. ತನ್ನ ಗಂಡ ಸತ್ತ ಮೇಲೆ ಅವಳು ನನ್ನ ಜೊತೆಗೇ ಇದ್ದಾಳೆ. ಬೆಳಗ್ಗೆಯಿಂದ ನಾನು ಬರುವುದನ್ನೇ ಕಾಯುವವಳು, ನಾನು ಬಂದ ಮೇಲೆ ನನ್ನ ಬಾಯಿಂದ ಅವನ ಹೆಸರನ್ನೇ ಕೇಳುತ್ತಿದ್ದಾಳೆ.

ಮಾರ್ಚ್ 10, ಸೋಮವಾರ

ಸಿಕ್ಕಿತು.

ನೆಟ್ಟಗಪ್ಪನಿಗೆ ಒಂದು ಕೆಟ್ಟ ಅಭ್ಯಾಸ. ಬ್ರೇಸಿಗೆ ಆರ್ಡರ್ ಬರೆಯಲು ಪುಸ್ತಕ ಕೊಟ್ಟಿದ್ದಾರೆ. ಅದನ್ನು ತೆರೆಯುವುದು ಅವನ ಕೈಗೆ ಭಾರ. ಮೇಜಿನ ಮೇಲೆ ಏನು ಸಿಗುತ್ತದೋ ಅದರ ಹಿಂಬದಿಗೆ ಗೀಚಿ ಕಳಿಸುತ್ತಾನೆ. ಔಷಧಿ ಕಂಪನಿಯ ಹಾಳೆ, ಹರಿದ ಲಕೋಟೆ, ಏನಾದರೂ ಸರಿ. ನಾನು ಅದರ ಕೆಳಗೇ ಅಳತೆ ಬರೆದು, ಆ ಮಗುವಿನ ಅಚ್ಚಿನ ಪಕ್ಕದ ಮೊಳೆಗೆ ಸಿಕ್ಕಿಸುತ್ತೇನೆ. ಅಳತೆ ಕಾಣಬೇಕಲ್ಲ, ಅದಕ್ಕೆ ನನ್ನ ಬದಿ ಹೊರಗೆ.

"ಪ್ಯಾಡ್ ಗಟ್ಟಿಯಾಗಿ ಒತ್ತಲಿ" ಎಂದು ಅವನ ಕೈಯಲ್ಲೇ ಬರೆದದ್ದು ವಿಚಾರಣೆಗೆ ಬೇಕಾಗುತ್ತದೆ ಎಂದು ಕೊಕ್ಕರೆಯ ಚೀಟಿಯನ್ನು ಮೊಳೆಯಿಂದ ತೆಗೆದೆ. ತೆಗೆದು ತಿರುಗಿಸಿದೆ.

ಆ ಬದಿಯಲ್ಲಿ ಅಚ್ಚಾದ ತಲೆಬರಹ, ಶಾಲೆಗಳಿಗೆ ಹೋಗುವ ಆರೋಗ್ಯ ತಪಾಸಣೆಯ ವ್ಯಾನಿನದು. ಹುಡುಗಿಯ ಹೆಸರು. ಕೆಳಗೆ: "ಎದೆಯಲ್ಲಿ ಸಪ್ಪಳ. ಸ್ಕ್ಯಾನ್ ಮಾಡಿದೆ. ದೊಡ್ಡ ರಕ್ತನಾಳದ ಬುಡ 36 ಮಿ.ಮೀ. ಹೃದಯದ ಡಾಕ್ಟರಿಗೆ ತೋರಿಸಿ. ಆರು ತಿಂಗಳಿಗೆ ತಪ್ಪದೆ ಮತ್ತೆ ಅಳೆಯಿಸಿ." ತಾರೀಕು ಕಳೆದ ಜುಲೈಯದು.

ಅಂದರೆ ಮಗುವಿನ ಅಪ್ಪ ಅಮ್ಮ ಇದನ್ನು ನಂಬಿ ಅವನ ಕೈಗೆ ಕೊಟ್ಟಿದ್ದಾರೆ. ಅವನು ಓದದೆ ಮಗುಚಿ ಹಾಕಿ ನನಗೆ ಆರ್ಡರ್ ಬರೆದಿದ್ದಾನೆ. ಸಿಕ್ಕಿಬಿದ್ದೆಯಪ್ಪ. ನೀನೇ ಬರೆದುಕೊಟ್ಟ ಕಾಗದದಲ್ಲಿ ನೀನೇ ಸಿಕ್ಕಿಬಿದ್ದೆ.

ಅದು ಎಂಟು ತಿಂಗಳು ನನ್ನ ತಲೆಯ ಮೇಲಿನ ಮೊಳೆಯಲ್ಲೇ ಇತ್ತು ಎನ್ನುವುದೂ ನಿಜ. ಆದರೆ ಯಾರಾದರೂ ಆರ್ಡರ್ ಚೀಟಿಯ ಬೆನ್ನನ್ನು ಓದುತ್ತಾರೆಯೇ?

ಮಾರ್ಚ್ 11, ಮಂಗಳವಾರ

ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ನಕಲು ತೆಗೆಸಿದೆ. ಆಸ್ಪತ್ರೆಯ ಯಂತ್ರದಲ್ಲಿ ತೆಗೆದರೆ ಊರೆಲ್ಲ ಗೊತ್ತಾಗುತ್ತದೆ. ಅಂಗಡಿಯವನು "ಎರಡೂ ಕಡೆನಾ?" ಎಂದ. "ಒಂದೇ ಕಡೆ" ಎಂದೆ. ಆಮೇಲೆ ಯೋಚಿಸಿ, ಅವನ ಆರ್ಡರ್ ಕಾಣುವಷ್ಟು ಇನ್ನೊಂದು ಕಡೆಯದನ್ನೂ ತೆಗೆಸಿದೆ. ಕೆಳಗಿನ ನನ್ನ ಅಳತೆ, ನನ್ನ ಅಕ್ಷರದ ಮೇಲೆ ಮಾತ್ರ ಬಿಳಿ ಹಾಳೆ ಇಡಿಸಿದೆ.

ಅಸಲು ಈಗ ನನ್ನ ಚೀಲದಲ್ಲಿದೆ. ವಿಚಾರಣೆಯ ದಿನದವರೆಗೆ ಯಾರಿಗೂ ತೋರಿಸುವುದಿಲ್ಲ. ಈಗಲೇ ಕೊಟ್ಟರೆ ಫೈಲಿಗೆ ಸೇರುತ್ತದೆ. ಫೈಲು ಮೊದಲು ಹೋಗುವುದು ಅವನ ಮೇಜಿಗೆ. ಅಲ್ಲಿಂದ ಅದು ಮಾಯವಾದರೆ ನಾನು ಯಾರ ಮುಂದೆ ಬಾಯಿ ಬಡಿದುಕೊಳ್ಳಲಿ? ಅವನು ಎದ್ದು ನಿಂತು "ಬ್ರೇಸ್ ಬಿಗಿ" ಎಂದು ಹೇಳಿ ಮುಗಿಸಬೇಕು. ಆಗ ಮೇಜಿನ ಮೇಲೆ ಇಡಬೇಕು. ಮುಖದ ನೆತ್ತರು ಇಳಿಯುವುದನ್ನು ನಾನು ನೋಡಬೇಕು.

ಮಾರ್ಚ್ 12, ಬುಧವಾರ

ವಾರ್ಡಿಗೆ ಹೋಗಿದ್ದೆ. ಹೋಗದಿದ್ದರೇ ಚೆನ್ನಾಗಿತ್ತು.

ಅಮ್ಮ ಒಬ್ಬರೇ ಇದ್ದರು. ಹುಡುಗಿಯನ್ನು ಮತ್ತೆ ಸ್ಕ್ಯಾನಿಗೆ ಕರೆದೊಯ್ದಿದ್ದರು. "ಆ ಡಾಕ್ಟರಮ್ಮ ದಿನಾ ಹಳೇ ಚೀಟಿ ಕೇಳ್ತಾರೆ ಮೇಡಂ. ವ್ಯಾನಿನೋರು ಒಂದು ಚೀಟಿ ಕೊಟ್ಟಿದ್ರು. ದೊಡ್ಡ ಡಾಕ್ಟರ ಕೈಗೇ ಕೊಟ್ವಿ. ಮೂವತ್ತು ಚಿಲ್ಲರೆ ಅಂತ ಇತ್ತು, ಚಿಲ್ಲರೆ ಎಷ್ಟು ಅಂತ ನೆನಪಿಲ್ಲ. ಮೂವತ್ತೆರಡೋ, ಮೂವತ್ತೊಂಬತ್ತೋ. ಫೈಲಲ್ಲಿ ಹುಡುಕಿದ್ರು, ಇಲ್ಲ. ವ್ಯಾನಿನೋರ ಹತ್ರಾನೂ ಇಲ್ವಂತೆ."

"ಅದು ಯಾಕಂತೆ ಈಗ?" ಎಂದೆ. ಯಾಕೆ ಎಂದು ನನಗೆ ಗೊತ್ತಿಲ್ಲವೆಂಬಂತೆ.

"ಆವಾಗ ಎಷ್ಟಿತ್ತು ಅಂತ ಗೊತ್ತಾದ್ರೆ, ಎಷ್ಟು ಬೇಗ ಉಬ್ತಿದೆ ಅಂತ ಗೊತ್ತಾಗುತ್ತಂತೆ. ಬೇಗ ಉಬ್ತಿದ್ರೆ ಐವತ್ತಾಗೋವರೆಗೆ ಕಾಯಬಾರದಂತೆ. ಚೀಟಿ ಸಿಗದೆ ಇದ್ರೆ ಸೋಮವಾರ ಮನೆಗೆ ಕಳಿಸ್ತಾರೆ. ಮಾತ್ರೆ ತಗೊಂಡು ಆರು ತಿಂಗಳು ಬಿಟ್ಟು ಬನ್ನಿ ಅಂದಿದ್ದಾರೆ." ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ವರ್ಕ್‌ಶಾಪಲ್ಲಿ ಎಲ್ಲಾದ್ರೂ ಬಂದಿರಬಹುದಾ ಮೇಡಂ?" ಎಂದರು.

"ನೋಡ್ತೀನಿ" ಎಂದೆ.

ಸುಳ್ಳು ಹೇಳಲಿಲ್ಲ. ನೋಡುತ್ತೇನೆ ಎಂದೆ ಅಷ್ಟೆ. ಇಪ್ಪತ್ನಾಲ್ಕಕ್ಕೆ ಹೇಗೂ ಎಲ್ಲರಿಗೂ ಗೊತ್ತಾಗುತ್ತದೆ. ಆರು ತಿಂಗಳು ಕಾಯಿರಿ ಎಂದವರಿಗೆ ಹನ್ನೆರಡು ದಿನ ಯಾವ ಲೆಕ್ಕ? ಮಗು ಆರಾಮಾಗಿಯೇ ಇದೆ, ಊಟ ಮಾಡುತ್ತಿದೆ, ಪಕ್ಕದ ಹಾಸಿಗೆಯವರನ್ನು ನಗಿಸುತ್ತಿದೆ. ಈ ತಡವೂ ಅವನ ಖಾತೆಗೇ ಸೇರಬೇಕು. ಅವನು ಪ್ರಾಮಾಣಿಕನಾಗಿದ್ದರೆ ನಾನು ಬಚ್ಚಿಡುವ ಅಗತ್ಯವೇ ಇರಲಿಲ್ಲ.

ಮಾರ್ಚ್ 13, ಗುರುವಾರ

ಏನೂ ಇಲ್ಲ. ನಾಲ್ಕು ಜೊತೆ ಸೋಲು.

ಮಾರ್ಚ್ 14, ಶುಕ್ರವಾರ

ಒಂದು ಏಳು ವರ್ಷದ ಹುಡುಗಿ ಬೂಟಿಗೆ ಬಂದಿತ್ತು. ಎಡಗಾಲು ಗಿಡ್ಡ ಎಂದು ಬರೆದಿದ್ದರು. ಬೆನ್ನು ನೋಡಿದರೆ ಅಲ್ಲೂ ಸಣ್ಣ ಡೊಂಕು. ಅದರ ಅಜ್ಜಿಯನ್ನು, "ಇದರ ಎದೆ ಯಾವತ್ತಾದ್ರೂ ನೋಡಿಸಿದ್ದೀರಾ?" ಎಂದು ಕೇಳಿದೆ. ಅಜ್ಜಿ ಗಾಬರಿಯಾದರು. "ಗಾಬರಿ ಏನಿಲ್ಲ, ಮೂರನೇ ಮಹಡಿ, ಕುಳ್ಳ ಡಾಕ್ಟರಮ್ಮ, ಒಂದ್ಸಲ ಕಿವಿ ಕೊಟ್ಟು ಕೇಳ್ತಾರೆ ಅಷ್ಟೆ" ಎಂದೆ. ಸೋಲಣ್ಣ ಕಣ್ಣರಳಿಸಿ ನೋಡಿದ. "ಕಾಲಿಗೆ ಬಂದವರನ್ನ ಎದೆಗೆ ಕಳಿಸ್ತೀರಲ್ಲ" ಎಂದ. ಇದನ್ನು ಯಾಕೆ ಬರೆಯುತ್ತಿದ್ದೇನೋ. ವಿಚಾರಣೆಗೂ ಇದಕ್ಕೂ ಸಂಬಂಧವಿಲ್ಲ.

ಅಕ್ಕನಿಗೆ ಚೀಟಿಯ ವಿಷಯ ಹೇಳಿಬಿಟ್ಟೆ. ಮೆಚ್ಚುತ್ತಾಳೆ ಎಂದುಕೊಂಡಿದ್ದೆ. ಸೊಪ್ಪು ಬಿಡಿಸುತ್ತಿದ್ದವಳು ತಟ್ಟೆ ಕೆಳಗಿಟ್ಟು, "ಅಂದ್ರೆ ಆ ತಾಯಿ ಹುಡುಕ್ತಾ ಇರೋದು ನಿನ್ನ ಚೀಲದಲ್ಲಿದೆ?" ಎಂದಳು.

"ಹತ್ತು ದಿನದ ಮಾತು ಅಕ್ಕ. ಅವನು ತಪ್ಪಿಸಿಕೊಂಡುಬಿಡ್ತಾನೆ."

"ನಾನು ಅವನ ವಿಷಯ ಕೇಳಲಿಲ್ಲ" ಎಂದಳು. ಆಮೇಲೆ ಮಾತೇ ಆಡಲಿಲ್ಲ. ಇವಳಿಗೆ ಯಾವತ್ತೂ ನನ್ನ ಕಷ್ಟ ಅರ್ಥವಾಗಿಲ್ಲ. ಉದ್ದ ನಾಲಿಗೆಯವಳು ಸುಮ್ಮನಿದ್ದರೆ ಮನೆ ಇಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ಗೊತ್ತಿರಲಿಲ್ಲ.

ಮಾರ್ಚ್ 15, ಶನಿವಾರ

ಕೊಟ್ಟುಬಿಟ್ಟೆ.

ಬೆಳಗ್ಗೆ ಸೋಲಣ್ಣ ಒಂದು ಪಾದದ ಅಳತೆ ತೆಗೆಯುತ್ತಿದ್ದ. ಕಾಗದದ ಮೇಲೆ ಪಾದ ಇಡಿಸಿ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆಯುವುದು. ಎಳೆದು ಮುಗಿಸಿ, ಕಪಾಟಿನಿಂದ ಹೋದ ವರ್ಷದ ಕಾಗದ ತೆಗೆದು ಎರಡನ್ನೂ ಒಟ್ಟಿಗೆ ಬೆಳಕಿಗೆ ಹಿಡಿದ. ನಾನೂ ಹಾಗೇ ಮಾಡುವುದು, ನಾಲ್ಕು ತಿಂಗಳಿಗೊಮ್ಮೆ ಹಳೆಯ ಅಳತೆಯ ಪಕ್ಕ ಹೊಸದನ್ನು ಬರೆದು. ಹಳೆಯ ಅಳತೆ ಕಳೆದುಹಾಕಿದ್ದಕ್ಕೆ ಒಬ್ಬ ಸಹಾಯಕಿಯನ್ನು ಅಳುವ ಹಾಗೆ ಬೈದವಳು ನಾನು. ಒಂದೇ ಅಳತೆ ಇಟ್ಟುಕೊಂಡು ಏನು ಮಾಡ್ತೀಯ, ಎರಡನೆಯದು ಇದ್ದರೆ ತಾನೆ ಮೈ ಯಾವ ಕಡೆಗೆ ಹೋಗುತ್ತಿದೆ ಎಂದು ಗೊತ್ತಾಗುವುದು ಎಂದು ಕೂಗಾಡಿದ್ದೆ.

ಮೂವತ್ತಾರು. ನಲವತ್ತೈದು. ಎಂಟು ತಿಂಗಳಿಗೆ ಒಂಬತ್ತು.

ಚಿಪ್ಪಿನಲ್ಲಿ ಒಂಬತ್ತು ಮಿಲಿಮೀಟರ್ ಹೆಚ್ಚಿದರೆ ನಾನು ಆ ಮಗುವನ್ನು ಮನೆಗೆ ಕಳಿಸುವುದಿಲ್ಲ. ಏಪ್ರನ್ನನ್ನೂ ಬಿಚ್ಚದೆ ಮೂರು ಮಹಡಿ ಹತ್ತಿದೆ. ಲಿಫ್ಟು ಇದೆ ಎನ್ನುವುದು ಮೇಲೆ ಹೋದ ಮೇಲೆ ನೆನಪಾಯಿತು.

ಡಾಕ್ಟರಮ್ಮ ಚೀಟಿಯನ್ನು ಎರಡು ಸಲ ಓದಿದರು. ತಿರುಗಿಸಿ ಆರ್ಡರ್ ನೋಡಿದರು, ನನ್ನ ಅಳತೆ ನೋಡಿದರು. ಫೋನು ಎತ್ತಿ ಆಪರೇಷನ್ ಥಿಯೇಟರಿಗೆ ಮಾತಾಡಿದರು. ಇಟ್ಟ ಮೇಲೆ, "ಯಾವಾಗ ಸಿಕ್ತು?" ಎಂದರು.

"ಈಗಷ್ಟೆ" ಎಂದೆ.

ಬಾಯಿಗೆ ಅದೇ ಬಂತು. ಅವರು ತಾರೀಕಿನ ಸಮೇತ ಬರೆದುಕೊಂಡರು.

ಇಪ್ಪತ್ನಾಲ್ಕಕ್ಕೆ ಮೇಜಿನ ಮೇಲೆ ಇಡಲು ನನ್ನ ಹತ್ತಿರ ಈಗ ನಕಲು ಮಾತ್ರ. ಪರವಾಗಿಲ್ಲ. ಅವನನ್ನು ಮುಗಿಸಲು ಅಷ್ಟು ಸಾಕು.

ಮಾರ್ಚ್ 18, ಮಂಗಳವಾರ

ಆರು ಗಂಟೆ ಹಿಡಿಯಿತು. ಕೊಕ್ಕರೆ ಉಳಿದಳು.

ಉಬ್ಬಿದ ನಾಳವನ್ನು ತೆಗೆದು ಬಟ್ಟೆಯಂಥದ್ದೊಂದು ಕೊಳವೆ ಹೊಲಿದಿದ್ದಾರಂತೆ. ಡಾಕ್ಟರಮ್ಮ ಹೊರಗೆ ಬಂದು ಅಪ್ಪ ಅಮ್ಮನಿಗೆ ಹೇಳುವಾಗ ನಾನು ಎರಡು ಕುರ್ಚಿ ಆಚೆ ಇದ್ದೆ. "ಒಳಗಿನ ಪದರದಲ್ಲಿ ಸೀಳು ಶುರುವಾಗಿತ್ತು. ಸ್ಕ್ಯಾನಿನಲ್ಲೂ ಕಂಡಿರಲಿಲ್ಲ. ಮನೆಗೆ ಕಳಿಸಿದ್ರೆ ಎಷ್ಟು ದಿನ ಅಂತ ನಾನು ಹೇಳೋಕಾಗಲ್ಲ. ಆರು ತಿಂಗಳಂತೂ ಅಲ್ಲ. ದಿನಗಳ ಮಾತು."

ದಿನಗಳ ಮಾತು ಎಂದರು.

ಅಮ್ಮ ನನ್ನ ಹತ್ತಿರ ಬಂದು ಎರಡೂ ಕೈ ಹಿಡಿದುಕೊಂಡರು. ಗೋಂದು ಒಣಗಿದ ಕೈ. "ನೀವು ಸಿಕ್ಕಿದ ಕೂಡಲೇ ಓಡಿ ಬಂದ್ರಂತೆ. ಏಪ್ರನ್ನೂ ಬಿಚ್ಚಿರಲಿಲ್ವಂತೆ. ಡಾಕ್ಟರಮ್ಮ ಹೇಳಿದ್ರು" ಎಂದರು. ಅಳುತ್ತಿದ್ದರು. ಅಳುವಾಗಲೂ ಅವರ ಮಾತು ಅಷ್ಟೇ ಸ್ಪಷ್ಟ. ನಾನು ಕೈ ಬಿಡಿಸಿಕೊಂಡು ಮೆಟ್ಟಿಲಿಳಿದೆ.

ಮಾರ್ಚ್ 21, ಶುಕ್ರವಾರ

ಇವತ್ತು ಕೊಕ್ಕರೆ ಕೂತು ಗಂಜಿ ಕುಡಿದಳಂತೆ. ಸೋಲಣ್ಣ ಹೋಗಿ ನೋಡಿಕೊಂಡು ಬಂದ. ನಾನು ಹೋಗಲಿಲ್ಲ. ಸೋಮವಾರಕ್ಕೆ ಮಾತು ತಯಾರು ಮಾಡಿಕೊಳ್ಳಬೇಕು. ಏಳು ಸಲ ಬರೆದೆ. "ಗೊತ್ತಿದ್ದೂ ಸುಮ್ಮನಿದ್ದ" ಎನ್ನುವುದರಿಂದ ಶುರು ಮಾಡಬೇಕು ಎಂದುಕೊಂಡಿದ್ದೆ. ಆ ಸಾಲಿನ ಹತ್ತಿರ ಬಂದಾಗಲೆಲ್ಲ ಪೆನ್ನು ನಿಲ್ಲುತ್ತದೆ. ಅವನಿಗೆ ಗೊತ್ತಿರಲಿಲ್ಲವಲ್ಲ, ಓದಿಯೇ ಇರಲಿಲ್ಲವಲ್ಲ. "ಓದದೆ ಸುಮ್ಮನಿದ್ದ" ಎಂದರೆ ಅಷ್ಟು ಬಲ ಬರುವುದಿಲ್ಲ.

ಮಾರ್ಚ್ 24, ಸೋಮವಾರ

ಉದ್ದದ ಮೇಜು, ನೀರಿನ ಲೋಟಗಳು. ನಡುವೆ ಆಡಳಿತದ ಮೇಡಂ, ಪಕ್ಕದಲ್ಲಿ ಹೊರಗಿನಿಂದ ಬಂದ ಇಬ್ಬರು. ಒಂದು ಬದಿಗೆ ಮೂಳೆ ಡಾಕ್ಟರು. ಎದುರು ನಾನು, ನನ್ನ ಪಕ್ಕಕ್ಕೆ ಹುಡುಗಿಯ ಅಮ್ಮ. ಅವರನ್ನು ಸಾಕ್ಷಿಗೆ ಕರೆದಿದ್ದರು. ಬಂದವರೇ ನನ್ನ ಪಕ್ಕವೇ ಕೂತು, ಧೈರ್ಯಕ್ಕೆ ಎಂಬಂತೆ ನನ್ನ ಮುಂಗೈ ಮೇಲೆ ಕೈಯಿಟ್ಟುಕೊಂಡರು.

ನಾನು ಚೀಲದಿಂದ ನಕಲು ತೆಗೆಯುವಷ್ಟರಲ್ಲಿ ಡಾಕ್ಟರು ಎದ್ದು ನಿಂತರು. ಬೆನ್ನು ಸ್ವಲ್ಪ ಬಾಗಿತ್ತು. ಅವರಿಗೂ ವಯಸ್ಸಾಗಿದೆ ಎಂದು ಇವತ್ತೇ ಕಂಡದ್ದು.

"ಹೆಚ್ಚು ಹೊತ್ತು ಬೇಡ" ಎಂದರು. "ಆ ಚೀಟಿ ನನ್ನ ಕೈಗೆ ಬಂದಿತ್ತು. ಓದಲಿಲ್ಲ. ತಿರುಗಿಸಿ ಆರ್ಡರ್ ಬರೆದೆ. ಹುಡುಗಿ ಬಿದ್ದಾಗ ಬ್ರೇಸ್ ಬಿಗಿ ಅಂತ ಬರೆದದ್ದು ಬ್ರೇಸ್ ನೋಡಿ ಅಲ್ಲ, ಹೆದರಿಕೊಂಡು. ಬ್ರೇಸ್ ಸರಿಯಾಗಿತ್ತು. ಈಕೆ ಮಾಡಿದ ಬ್ರೇಸ್ ಯಾವತ್ತೂ ಸರಿಯಾಗೇ ಇರುತ್ತೆ. ತಪ್ಪು ನಂದು. ಏನು ಮಾಡ್ತೀರೋ ಮಾಡಿ."

ಕೂತರು. ಲೋಟ ಎತ್ತಿದರು, ಕುಡಿಯದೆ ಹಾಗೇ ಕೆಳಗಿಟ್ಟರು. ಅವರ ಮುಖದ ನೆತ್ತರು ಇಳಿದದ್ದನ್ನು ಕಣ್ಣಾರೆ ನೋಡಿದೆ. ಅದಕ್ಕಾಗಿ ಮೂರು ವಾರ ಕಾದಿದ್ದೆ. ಖುಷಿಯಾಗಲಿಲ್ಲ. ಬರೆದುಕೊಂಡು ಬಂದಿದ್ದ ಹಾಳೆ ಬೆವರಿಗೆ ಒದ್ದೆಯಾಗಿತ್ತು.

ಆಡಳಿತದ ಮೇಡಂ ನನ್ನ ಕಡೆ ತಿರುಗಿದರು. "ನಿಮ್ಮ ಮೇಲೆ ಏನೂ ಇಲ್ಲ. ನಾಳೆಯಿಂದ ನಿಮ್ಮ ಬೆಂಚಿಗೆ ಹೋಗಿ. ದಾಖಲೆಗೆ ಒಂದೇ ಮಾತು. ಚೀಟಿ ಸಿಕ್ಕಿದ್ದು ಹದಿನೈದಕ್ಕೆ, ಅಲ್ವಾ?"

ಹೌದು ಎಂದರೆ ಮುಗಿಯುತ್ತಿತ್ತು. ತಲೆಯಾಡಿಸಿದರೂ ಸಾಕಿತ್ತು.

"ಹತ್ತಕ್ಕೆ" ಎಂದೆ.

ಬರೆಯುತ್ತಿದ್ದವರ ಪೆನ್ನು ನಿಂತಿತು. "ಹತ್ತಕ್ಕಾ?"

"ಹತ್ತನೇ ತಾರೀಕು ಬೆಳಗ್ಗೆ ಸಿಕ್ಕಿತು. ಇವತ್ತು ಇಲ್ಲಿ ಇಟ್ಟು ಇವರ ಮಾನ ಕಳೆಯಬೇಕು ಅಂತ ನನ್ನ ಹತ್ರಾನೇ ಇಟ್ಕೊಂಡಿದ್ದೆ."

ಮುಂಗೈ ಮೇಲಿನ ಕೈ ಅಲ್ಲೇ ಇತ್ತು. ತೆಗೆಯಲೂ ಮರೆತಿದ್ದರು. "ಹನ್ನೆರಡಕ್ಕೆ ನಾನು ನಿಮ್ಮನ್ನ ಕೇಳಿದೆ" ಎಂದರು ಅಮ್ಮ. ಅದೇ ದನಿ, ಒಂದೊಂದು ಅಕ್ಷರ ಬಿಡಿಬಿಡಿಯಾಗಿ. "ನಿಮ್ಮ ವರ್ಕ್‌ಶಾಪಲ್ಲಿ ಇರಬಹುದಾ ಅಂದೆ. ಆವಾಗ ಅದು ಎಲ್ಲಿತ್ತು?"

"ಚೀಲದಲ್ಲಿ."

"ಚೀಲ ಎಲ್ಲಿತ್ತು?"

"ನನ್ನ ತೊಡೆ ಮೇಲೆ."

ಅವರು ಕೈ ತೆಗೆದರು. ಎದ್ದು ಮೇಜು ಬಳಸಿಕೊಂಡು ಹೋಗಿ ಆಚೆ ಬದಿಯಲ್ಲಿ, ಡಾಕ್ಟರ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತರು. ಡಾಕ್ಟರು ತಮ್ಮ ನೀರಿನ ಲೋಟವನ್ನು ಅವರ ಮುಂದಕ್ಕೆ ಸರಿಸಿದರು.

ಮಾರ್ಚ್ 27, ಗುರುವಾರ

ಮೂಳೆ ಡಾಕ್ಟರು ರಜೆ ಹಾಕಿದ್ದಾರಂತೆ, ವಾಪಸು ಬರುವುದಿಲ್ಲ ಎಂದು ಸೋಲಣ್ಣ ಹೇಳುತ್ತಾನೆ. ನಾನು ಇನ್ನೂ ಸೋಲಿನ ಬೆಂಚಿನಲ್ಲೇ ಇದ್ದೇನೆ. ಕಿಟಕಿಯ ಪಕ್ಕದ್ದು ಖಾಲಿ. ಮುಂದೇನು ಎಂದು ಯಾರೂ ಹೇಳಿಲ್ಲ, ನಾನೂ ಕೇಳಿಲ್ಲ.

ಅಕ್ಕ ಮಾತಾಡಿದಳು. ನಿದ್ದೆ ಬರುತ್ತಾ ಎಂದಳು. ಬರುತ್ತೆ ಎಂದೆ.

ಏಪ್ರಿಲ್ 2, ಬುಧವಾರ

ಹುಡುಗಿಯ ಅಮ್ಮ ನನ್ನ ಮೇಲೆ ದೂರು ಕೊಟ್ಟಿದ್ದಾರೆ. ಉತ್ತರ ಬರೆಯಲು ಆಫೀಸಿಗೆ ಕರೆಸಿ ಪ್ರತಿ ಕೊಟ್ಟರು.

ಎರಡು ಪುಟ. ನಾನು ಏಳು ಸಲ ಬರೆದೂ ಬಾರದ ಮಾತುಗಳು ಅವರಿಗೆ ಸಲೀಸಾಗಿ ಬಂದಿವೆ. "ಗೊತ್ತಿದ್ದೂ ಸುಮ್ಮನಿದ್ದರು" ಎಂದು ಶುರುವಾಗುತ್ತದೆ. ನನ್ನ ಕೆಲಸ ಹೋಗಬೇಕು, ಇನ್ನೆಂದೂ ಯಾವ ಮಗುವಿನ ಮೈಮೇಲೂ ನನ್ನ ಕೈ ಬೀಳಬಾರದು, ಅದನ್ನು ನೋಡುವವರೆಗೆ ತಾವು ಬಿಡುವುದಿಲ್ಲ ಎಂದಿದ್ದಾರೆ. ಒಂದು ಕಡೆಯೂ ಕಾಟು ಹೊಡೆದಿಲ್ಲ. ಓದುತ್ತಾ ಹೋದಂತೆ ಆ ದನಿಯೇ ಕೇಳಿಸಿತು, ಇಂಥ ಬಸ್ಸು ಇಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಹೇಳುವ ದನಿ.

ಗುಮಾಸ್ತ ಉತ್ತರಕ್ಕೆಂದು ನಾಲ್ಕು ಹಾಳೆ ಕೊಟ್ಟ. "ವಕೀಲರನ್ನ ಕೇಳಿ ನಿಧಾನಕ್ಕೆ ಬರೀರಿ, ಹದಿನೈದು ದಿನ ಟೈಮಿದೆ" ಎಂದ. ಅವನ ಮೇಜಿನ ತುದಿಯಲ್ಲೇ ನಿಂತು, ಬರೆದಿರುವುದೆಲ್ಲ ನಿಜ ಎಂದು ಒಂದು ಸಾಲು ಬರೆದೆ.

ಎಲ್ಲ ನಿಜವಲ್ಲ. ಒಂದು ಕಡೆ ತಪ್ಪಿದೆ. ಚೀಟಿಯನ್ನು ನಾನು ನಾಲ್ಕು ದಿನ ಇಟ್ಟುಕೊಂಡಿದ್ದೆ ಎಂದು ಬರೆದಿದ್ದಾರೆ. ಕೆಳಗೆ ಇನ್ನೊಂದು ಸಾಲು ಸೇರಿಸಿ, ನಾಲ್ಕಲ್ಲ, ಐದು ಎಂದು ತಿದ್ದಿ ಸಹಿ ಹಾಕಿದೆ.